ಎಲೆ ಬಿಡಿ, ಬಗಲು ನೋಡಿ: ಗೋಳಿ ಪಲ್ಯ ಮತ್ತು ಅದರ ವೇಷದವರು

ಪ್ರಶ್ನೆ: ಸರ್, ನಾನಿರುವುದು ಕಲಬುರಗಿಯಲ್ಲಿ. ತವರು ಜೇವರ್ಗಿ ತಾಲ್ಲೂಕಿನ ಹಳ್ಳಿ. ಮೃಗಶಿರ ಮಳೆ ಬಿದ್ದ ಮೇಲೆ ತೊಗರಿ ಹೊಲದಲ್ಲಿ ಏಳುವ ಗೋಳಿ ಪಲ್ಯವನ್ನು ನಮ್ಮವ್ವ ಕಿತ್ತು ತಂದು ಬೇಳೆ ಹಾಕಿ ಮಾಡುತ್ತಿದ್ದಳು. ಅವ್ವ ಈಗ ಇಲ್ಲ. ಈ ಸಲ ತವರಿಗೆ ಹೋದಾಗ ನಾನೇ ಒಂದು ಚೀಲ ತಂದೆ. ಮಾಡಿದರೆ ಹುಳಿಯೇ ಇಲ್ಲ, ಏನೋ ಒಗರು. ಮರುದಿನ ಮಗನಿಗೆ ಭೇದಿ ಆಯಿತು. ‘ನೀ ತಂದಿದ್ದು ಗೋಳಿನೇ ಅಲ್ಲ’ ಅಂತಾರೆ ಅತ್ತೆ. ‘ಎಲ್ಲಾ ಒಂದೇ ಕಸ, ಎಣ್ಣಿ (ಕಳೆನಾಶಕ) ಹೊಡೆದು ಸುಟ್ಟುಬಿಡ್ತೀನಿ’ ಅಂತಾನೆ ಅಣ್ಣ. ನಾಲ್ಕು ಗಿಡದ ಫೋಟೋ ಕಳಿಸಿದ್ದೇನೆ. ಇದರಲ್ಲಿ ಗೋಳಿ ಯಾವುದು? ಉಳಿದವು ವಿಷವಾ? ಅಣ್ಣನಿಗೆ ಏನು ಹೇಳಲಿ?

ಉತ್ತರ: ತಂಗಿ, ನಿಮ್ಮ ಅತ್ತೆಯವರು ಹೇಳಿದ್ದು ಸರಿ. ನಿಮ್ಮ ಮೊದಲ ಫೋಟೋ ನಿಜವಾದ ಗೋಳಿ. ಆದರೆ ಚೀಲ ತುಂಬಿದ್ದು ಅಂತ ನೀವು ಗುರುತು ಹಾಕಿ ಕಳಿಸಿದ ಎರಡನೇ ಫೋಟೋ ಗೋಳಿ ಅಲ್ಲ. ಮೂರನೆಯದು ಗೋಳಿಯ ಖಾಸಾ ತಂಗಿ, ಸಣ್ಣ ಗೋಳಿ. ನಾಲ್ಕನೆಯದಕ್ಕೂ ಇವಕ್ಕೂ ಸಂಬಂಧವೇ ಇಲ್ಲ. ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ ಅಷ್ಟೇ.

ಮೋಸ ಹೋದದ್ದಕ್ಕೆ ಬೇಜಾರು ಮಾಡ್ಕೊಬೇಡಿ. ನಾನು ಸಸ್ಯಶಾಸ್ತ್ರ ಕಲಿಸುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹುಡುಗರನ್ನು ಕರೆದುಕೊಂಡು ಸೇಡಂ ರಸ್ತೆಯ ಒಂದು ಹೊಲಕ್ಕೆ ಹೋಗಿದ್ದೆ. ಒಂದು ಗಿಡ ಕಿತ್ತು ಎತ್ತಿ ಹಿಡಿದು, ‘ನೋಡ್ರಪ್ಪಾ, ಇದು ಗೋಳಿ’ ಅಂತ ದೊಡ್ಡದಾಗಿ ಹೇಳಿದೆ. ಪಕ್ಕದ ಸಾಲಿನಲ್ಲಿ ಕುರ್ಪಿ ಹಿಡಿದು ಕಸ ತೆಗೆಯುತ್ತಿದ್ದ ಒಬ್ಬ ಅಜ್ಜಿ ತಲೆಯೂ ಎತ್ತಲಿಲ್ಲ. ‘ಸರ, ಅದು ಗೋಳಿ ಅಲ್ರಿ. ಎಲಿ ನೋಡಿ ಏನ್ ತಿಳಿತದ? ಬಗಲ ನೋಡ್ರಿ, ಬಗಲ’ ಅಂದಳು. ಹುಡುಗರು ನಕ್ಕರು. ನಾನು ಬಗಲು ನೋಡಿದೆ. ಅಜ್ಜಿ ಹೇಳಿದ್ದು ಸರಿ ಇತ್ತು. ಪಾಠದ ಪುಸ್ತಕದಲ್ಲೂ ಅದೇ ಮಾತು ಇತ್ತು, ಆದರೆ ನಾಲ್ಕು ಸಾಲು ಉದ್ದಕ್ಕೆ, ಯಾರಿಗೂ ನೆನಪು ಉಳಿಯದ ಹಾಗೆ.

ಎಲೆ ದಂಟಿಗೆ ಸೇರುವ ಮೂಲೆಯೇ ಬಗಲು. ದಂಟಿನ ಆ ಗಂಟಿಗೆ ಗೆಣ್ಣು ಅನ್ನುತ್ತೇವೆ. ಕಬ್ಬಿನ ಗೆಣ್ಣು ಇದ್ದ ಹಾಗೆ. ನೆಲದ ಮೇಲೆ ಹರಡುವ ಈ ಕಸಗಳ ಎಲೆ ದಪ್ಪ, ಸಣ್ಣ, ದುಂಡು. ಮಳೆ ಜಾಸ್ತಿಯಾದರೆ ಎಲೆ ಅಗಲವಾಗುತ್ತದೆ, ಬಿಸಿಲಿಗೆ ಚಿಕ್ಕದಾಗಿ ಕೆಂಪಾಗುತ್ತದೆ. ಒಂದೇ ಗಿಡ ಎರೆ ಹೊಲದಲ್ಲಿ ಒಂದು ಥರ, ಅಂಗಳದಲ್ಲಿ ಇನ್ನೊಂದು ಥರ ಕಾಣುತ್ತದೆ. ಬಗಲು ಮಾತ್ರ ಎಲ್ಲಿ ಬೆಳೆದರೂ ಒಂದೇ ರೀತಿ.

ಮೊದಲು ಗೋಳಿಯನ್ನೇ ನೋಡೋಣ. ಶಾಸ್ತ್ರದ ಹೆಸರು ಪೋರ್ಚುಲಾಕಾ ಒಲೆರೇಸಿಯಾ. ಒಲೆರೇಸಿಯಾ ಅಂದರೆ ಅಡುಗೆಗೆ ಬಳಸುವ ಸೊಪ್ಪು ಅಂತಲೇ ಅರ್ಥ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಹೆಸರು ಕೊಟ್ಟ. ಮೈಸೂರು ಕಡೆ ಗೋಣಿ ಸೊಪ್ಪು ಅನ್ನುತ್ತಾರೆ. ನಮ್ಮಲ್ಲಿ ಗೋಳಿ, ಮರಾಠಿಯಲ್ಲಿ ಘೋಳ್. ಸೇಡಂ, ಚಿಂಚೋಳಿ ಕಡೆ ತೆಲುಗು ಮಾತಾಡುವವರು ಗಂಗವಾಯಿಲಿ ಕೂರ ಅಂತಾರೆ. ಮುಸ್ಲಿಂ ಮನೆಗಳಲ್ಲಿ ಇದು ಕುಲ್ಫಾ. ಪಾರ್ಸಿ (ಪರ್ಷಿಯನ್) ಭಾಷೆಯ ಖುರ್ಫಾ ಬಾಯಿಂದ ಬಾಯಿಗೆ ಬಂದು ಕುಲ್ಫಾ ಆಯಿತು. ಐಸ್‌ಕ್ರೀಮ್ ಕುಲ್ಫಿಗೂ ಇದಕ್ಕೂ ಏನೂ ನಂಟಿಲ್ಲ, ಹುಡುಗರು ಕೇಳುತ್ತಾರೆ ಅಂತ ಹೇಳಿದೆ. ನಾಲ್ಕು ಭಾಷೆಯ ಮನೆಗಳು ಒಂದೇ ಕಸವನ್ನು ಒಲೆಗೆ ಏರಿಸುವ ಊರು ನಮ್ಮದು.

ಗೋಳಿಯ ದಂಟು ದುಂಡಗೆ, ನುಣ್ಣಗೆ, ನೀರು ತುಂಬಿದ ಹಾಗೆ ಇರುತ್ತದೆ. ಬಿಸಿಲು ಬೀಳುವ ಕಡೆ ಕೆಂಪು. ಈ ಕೆಂಪು ಬೀಟ್‌ರೂಟಿನ ಕೆಂಪಿನ ಜಾತಿಯದೇ. ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಕಡಿಮೆ. ತುದಿ ಅಗಲ, ಬುಡ ಸಪೂರ, ಥೇಟ್ ಸಣ್ಣ ಚಮಚದ ಹಾಗೆ. ದಂಟಿನ ಕೆಳಭಾಗದಲ್ಲಿ ಎಲೆಗಳು ಒಂದು ಆ ಕಡೆ, ಒಂದು ಈ ಕಡೆ ಬರುತ್ತವೆ. ಟೊಂಗೆಯ ತುದಿಗೆ ಬಂದಾಗ ನಾಲ್ಕೈದು ಎಲೆ ಒಂದೆಡೆ ಗುಂಪು ಕಟ್ಟುತ್ತವೆ. ಹೂವು ಬರುವುದು ಆ ಗುಂಪಿನ ನಡುವೆ, ತುದಿಯಲ್ಲಿ. ಹಳದಿ ಹೂವು, ಸಾಮಾನ್ಯವಾಗಿ ಐದು ಎಸಳು, ಪ್ರತಿ ಎಸಳಿನ ತುದಿ ಸ್ವಲ್ಪ ಒಳಗೆ ಚಿವುಟಿದ ಹಾಗೆ. ಬಿಸಿಲು ಏರಿದ ಮೇಲೆ ಅರಳಿ ಕೆಲವೇ ತಾಸಿಗೆ ಮುಚ್ಚಿಕೊಳ್ಳುತ್ತದೆ. ಮೋಡದ ದಿನ ಅರಳುವುದೇ ಇಲ್ಲ. ಸಂಜೆ ಹೊಲಕ್ಕೆ ಹೋಗಿ ‘ಗೋಳಿಗೆ ಹೂವೇ ಬಿಡಲ್ಲ’ ಅಂತ ವಾದ ಮಾಡುವವರನ್ನು ನೋಡಿದ್ದೇನೆ.

ಇದರ ಬಗಲಲ್ಲಿ ಏನಿದೆ? ಹೆಚ್ಚೇನೂ ಇಲ್ಲ. ಕಣ್ಣಿಗೆ ಸುಲಭಕ್ಕೆ ಕಾಣದ ಒಂದೆರಡು ಕೂದಲು ಇರಬಹುದು. ಚೀಲ ಇಲ್ಲ, ಪೊರೆ ಇಲ್ಲ. ಬಗಲು ಖಾಲಿ ಇದ್ದರೆ ಅದು ಗೋಳಿ ಅನ್ನುವುದು ಮೊದಲ ಗುರುತು.

ಕಾಯಿ ಕಟ್ಟಿದ್ದರೆ ಇನ್ನೂ ಸುಲಭ. ಗೋಳಿಯ ಕಾಯಿ ಅಡ್ಡಕ್ಕೆ ಬಿರಿಯುತ್ತದೆ. ಮೇಲಿನ ಅರ್ಧ ಟೋಪಿಯ ಹಾಗೆ ಕಳಚಿ ಬೀಳುತ್ತದೆ, ಕೆಳಗಿನ ಬಟ್ಟಲಲ್ಲಿ ಕಪ್ಪು ಬೀಜ ಹೊಳೆಯುತ್ತವೆ. ಪೋರ್ಚುಲಾಕಾ ಎಂಬ ಹೆಸರೇ ಲ್ಯಾಟಿನ್‌ನ ‘ಪುಟ್ಟ ಬಾಗಿಲು’ ಎಂಬ ಮಾತಿನಿಂದ ಬಂದದ್ದು ಅಂತಾರೆ, ಈ ಮುಚ್ಚಳವನ್ನು ನೋಡಿಯೇ. ಬೀಜ ಒಂದು ಮಿಲಿಮೀಟರಿಗೂ ಚಿಕ್ಕದು. ಸೊಪ್ಪು ತೊಳೆದ ಬೋಗುಣಿಯ ತಳದಲ್ಲಿ ಕಪ್ಪು ಗಸಗಸೆಯ ಹಾಗೆ ಕೂತಿರುತ್ತದೆ. ನಿಮ್ಮವ್ವ ಮೂರು ನೀರು ಹಾಕಿ ತೊಳೆಯುತ್ತಿದ್ದದ್ದು ನೆನಪಿದೆಯಾ? ಮಣ್ಣಿನ ಜೊತೆ ಈ ಬೀಜವನ್ನೂ ಕಳಿಸಲಿಕ್ಕೆ. ಇಲ್ಲದಿದ್ದರೆ ಹಲ್ಲಿಗೆ ಕರಕರ ಅನ್ನುತ್ತದೆ.

ಈಗ ನಿಮ್ಮ ಎರಡನೇ ಫೋಟೋ. ಇದರ ಹೆಸರು ಟ್ರೈಯಾಂಥೆಮಾ ಪೋರ್ಚುಲಾಕಾಸ್ಟ್ರಮ್. ಹೆಸರಿನ ಎರಡನೇ ಭಾಗ ಕೇಳಿ: ಪೋರ್ಚುಲಾಕಾಸ್ಟ್ರಮ್, ಅಂದರೆ ‘ಗೋಳಿಯನ್ನು ಹೋಲುವುದು, ಆದರೆ ಗೋಳಿ ಅಲ್ಲದ್ದು’. ಇದನ್ನೂ ಅದೇ 1753ರಲ್ಲಿ ಲಿನೇಯಸ್ಸೇ ಹೆಸರಿಸಿದ. ಗಿಡಗಳಿಗೆ ಹೆಸರಿಡುವುದೇ ಕಸುಬಾಗಿದ್ದವನಿಗೂ ಇದನ್ನು ನೋಡಿದ ಕೂಡಲೇ ಗೋಳಿಯೇ ನೆನಪಾಗಿತ್ತು ಅಂದ ಮೇಲೆ ನಿಮ್ಮದೇನು ತಪ್ಪು? ತೆಲುಗಿನಲ್ಲಿ ಇದು ತೆಲ್ಲ ಗಲಿಜೇರು. ನಾನು ಸುಮ್ನೆ ಹುಸಿಗೋಳಿ ಅಂತ ಕರೆಯುತ್ತೇನೆ. ಅದು ನಾನೇ ಇಟ್ಟ ಹೆಸರು, ನಿಘಂಟಿನಲ್ಲಿ ಹುಡುಕಬೇಡಿ.

ಹುಸಿಗೋಳಿಯ ಎಲೆ ಗೋಳಿಗಿಂತ ದೊಡ್ಡದು, ದುಂಡು, ಅಷ್ಟು ದಪ್ಪವಲ್ಲ. ಎಲೆಗೆ ಸ್ಪಷ್ಟವಾದ ತೊಟ್ಟು ಇದೆ. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಮಜಾ ಏನೆಂದರೆ ಆ ಜೋಡಿಯಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಅಣ್ಣ ತಮ್ಮ ಪಕ್ಕಪಕ್ಕ ನಿಂತ ಹಾಗೆ. ಗೋಳಿಯಲ್ಲಿ ಇದು ಕಾಣುವುದಿಲ್ಲ. ನಿಮ್ಮ ಎರಡನೇ ಫೋಟೋ ದೊಡ್ಡದು ಮಾಡಿ ನೋಡಿ, ಪ್ರತಿ ಗೆಣ್ಣಿನಲ್ಲೂ ಅಣ್ಣ ತಮ್ಮ ಇದ್ದಾರೆ.

ಇನ್ನು ಬಗಲು. ಹುಸಿಗೋಳಿಯ ತೊಟ್ಟಿನ ಬುಡ ಅಗಲವಾಗಿ, ತೆಳು ಪೊರೆಯಾಗಿ, ದಂಟನ್ನು ತಬ್ಬಿಕೊಂಡು ಒಂದು ಜೇಬು ಮಾಡಿಕೊಂಡಿರುತ್ತದೆ. ಅಂಗಿಯ ಜೇಬೇ. ಹೂವು ಆ ಜೇಬಿನೊಳಗೆ ಅರ್ಧ ಮುಳುಗಿ ಕೂತಿರುತ್ತದೆ, ಒಂದೊಂದು ಬಗಲಿಗೆ ಒಂದೊಂದು. ತುದಿಯಲ್ಲಿ ಗುಂಪಾಗಿ ಅಲ್ಲ. ಹೂವು ಹಳದಿಯೂ ಅಲ್ಲ, ನಸುಗೆಂಪು ಅಥವಾ ಬಿಳಿ. ಕಾಯಿಯೂ ಜೇಬಿನಲ್ಲೇ ಬಲಿಯುತ್ತದೆ, ಇದಕ್ಕೂ ಮುಚ್ಚಳ ಇದೆ. ಹಾಗಾಗಿ ಬರೀ ಮುಚ್ಚಳ ನೋಡಿ ನಿರ್ಧಾರ ಮಾಡಿದರೆ ಮತ್ತೆ ಮೋಸ. ಮುಚ್ಚಳ ಎಲ್ಲಿದೆ ಅನ್ನುವುದು ಮುಖ್ಯ. ಬೀಜ ಗೋಳಿಯದಕ್ಕಿಂತ ಬಹಳ ದೊಡ್ಡದು, ಹೆಚ್ಚುಕಮ್ಮಿ ಸಾಸಿವೆಯಷ್ಟು, ಮೈ ಒರಟು, ಆಕಾರ ಮೂತ್ರಪಿಂಡದ್ದು. ಒಂದು ಕಾಯಲ್ಲಿ ಕೆಲವೇ ಇರುತ್ತವೆ.

ಅಜ್ಜಿ ನನಗೆ ತೋರಿಸಿದ್ದು ಆ ಜೇಬನ್ನೇ. ಉಗುರಿನಿಂದ ಎಲೆಯ ತೊಟ್ಟನ್ನು ಕೆಳಕ್ಕೆ ಎಳೆದರೆ ಪೊರೆ ಹರಿದು ಬರುತ್ತದೆ. ಹೂವಿಲ್ಲದ ಎಳೆ ಗಿಡದಲ್ಲೂ ಇದು ಗೊತ್ತಾಗುತ್ತದೆ. ಸೊಪ್ಪು ಕೀಳುವವರಿಗೆ ಬೇಕಾದದ್ದು ಅದೇ, ಯಾಕೆಂದರೆ ಹೂವು ಬರುವ ತನಕ ಕಾಯುವ ಸೊಪ್ಪು ಯಾರಿಗೆ ಬೇಕು?

ಹುಸಿಗೋಳಿ ವಿಷವಾ ಅಂದರೆ, ಅಲ್ಲ. ಇದರ ಎಳೆ ಕುಡಿಯನ್ನು ತೆಲುಗು, ತಮಿಳು ನಾಡಿನಲ್ಲಿ ಸೊಪ್ಪಾಗಿ ತಿನ್ನುವವರಿದ್ದಾರೆ. ಬಲಿತ ಎಲೆ ತಿಂದರೆ ಹೊಟ್ಟೆ ಸಡಿಲವಾಗುತ್ತದೆ ಅನ್ನುವುದು ಮಾತ್ರ ಹಳೆಯ ಅನುಭವ. ನಿಮ್ಮ ಫೋಟೋದ ಗಿಡ ಕಾಯಿ ಕಟ್ಟಿದ, ಬಲಿತ ಗಿಡ. ಮಗನ ಭೇದಿಗೆ ಅದು ಕಾರಣ ಆಗಿರಬಹುದು. ಹೊಲದ ಸೊಪ್ಪು ಸರಿಯಾಗಿ ತೊಳೆಯದೆ ಇದ್ದದ್ದೂ ಆಗಿರಬಹುದು. ಒಂದೇ ದಿನಕ್ಕೆ ನಿಂತಿದ್ದರೆ ಚಿಂತೆ ಬೇಡ. ನಿಲ್ಲದಿದ್ದರೆ ಓಆರ್‌ಎಸ್ ಕುಡಿಸುತ್ತಾ ಡಾಕ್ಟರಿಗೆ ತೋರಿಸಿ. ಸೊಪ್ಪಿನ ತಜ್ಞನ ಮಾತು ಅಲ್ಲಿಗೆ ಮುಗಿಯಿತು.

ಹುಸಿಗೋಳಿಯ ಜೊತೆ ಇನ್ನೊಂದು ಗೊಂದಲ ಇದೆ. ಔಷಧಿ ಅಂಗಡಿಯಲ್ಲಿ ‘ಬಿಳಿ ಪುನರ್ನವ’ ಅಂತ ಕೆಲವರು ಇದನ್ನೇ ಮಾರುತ್ತಾರೆ. ಕೆಂಪು ಪುನರ್ನವ ಅನ್ನುವುದು ಕೊಮ್ಮೆ ಗಿಡ, ಬೋರ್‌ಹಾವಿಯಾ ಡಿಫ್ಯೂಸಾ. ಅದರಲ್ಲೂ ಎಲೆಜೋಡಿ ಒಂದು ದೊಡ್ಡದು ಒಂದು ಚಿಕ್ಕದು. ಆದರೆ ಕೊಮ್ಮೆಯ ಹೂವು ಜೇಬಿನಲ್ಲಿ ಅಡಗುವುದಿಲ್ಲ. ಉದ್ದ ಸಪೂರ ಕಡ್ಡಿಯ ತುದಿಯಲ್ಲಿ ಗುಲಾಬಿ ಬಣ್ಣದ ಪುಟಾಣಿ ಹೂಗಳು ಗಾಳಿಗೆ ಆಡುತ್ತಿರುತ್ತವೆ. ಕಾಯಿ ಅಂಟಂಟು. ಹೊಲದಲ್ಲಿ ನಡೆದು ಬಂದ ಮೇಲೆ ಧೋತರದ ಅಂಚಿಗೆ, ಸೀರೆಯ ನಿರಿಗೆಗೆ ಅಂಟಿಕೊಂಡು ಬರುವ ಸಣ್ಣ ಹಸಿರು ಕಾಳು ಅದೇ. ಎಲೆಯ ಹಿಂಭಾಗ ಬೆಳ್ಳಗೆ ಇರುತ್ತದೆ.

ಮೂರನೇ ಫೋಟೋ ಸಣ್ಣ ಗೋಳಿ, ಪೋರ್ಚುಲಾಕಾ ಕ್ವಾಡ್ರಿಫಿಡಾ. ಇದನ್ನು ನೀವು ಮನೆಯ ಅಂಗಳದಲ್ಲಿ ತೆಗೆದಿದ್ದೀರಿ, ಫೋಟೋದಲ್ಲಿ ಶಹಾಬಾದ್ ಪರಸಿ (ನೆಲಕ್ಕೆ ಹಾಸುವ ಕಲ್ಲು) ಕಾಣುತ್ತಿದೆ. ಪರಸಿಯ ಸಂದಿ ಇದಕ್ಕೆ ಇಷ್ಟದ ಜಾಗ. ಬೀದರ್ ಕಡೆಯ ಮುರ್ರಂ ನೆಲ, ಕಲ್ಲಿನ ಬಿರುಕು, ಹಳೇ ಗೋಡೆಯ ತಲೆ, ಇಂಥಲ್ಲೂ ಹಾಯಾಗಿ ಬದುಕುತ್ತದೆ. ದಂಟು ದಾರದಷ್ಟು ಸಪೂರ. ನೆಲದ ಮೇಲೆ ಚಾಪೆ ಹಾಸುತ್ತಾ, ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತಾ ಹೋಗುತ್ತದೆ. ಎಲೆ ಪುಟ್ಟದು, ತುದಿ ಸ್ವಲ್ಪ ಚೂಪು, ಎದುರುಬದುರು ಜೋಡಿ, ಎರಡೂ ಒಂದೇ ಅಳತೆ. ಹೂವಿಗೆ ನಾಲ್ಕು ಎಸಳು, ಹಳದಿ. ಕ್ವಾಡ್ರಿ ಅಂದದ್ದು ಅದಕ್ಕೇ.

ಇದರ ಬಗಲು ನೋಡಿದರೆ ಮತ್ತೆ ಮರೆಯುವುದಿಲ್ಲ. ಪ್ರತಿ ಗೆಣ್ಣಿಗೂ ಬಿಳಿ ಕೂದಲಿನ ಉಂಗುರ, ಹತ್ತಿಯ ಎಳೆ ಸುತ್ತಿದ ಹಾಗೆ. ಬರಿಗಣ್ಣಿಗೇ ಕಾಣುತ್ತದೆ. ಇದನ್ನೂ ತಿನ್ನಬಹುದು, ಮರಾಠಿಯವರು ಚಿಘಳ್ ಅಂತ ತಿನ್ನುತ್ತಾರೆ. ಕಿತ್ತು ಸೋಸುವಷ್ಟರಲ್ಲಿ ಮಧ್ಯಾಹ್ನ ಆಗುತ್ತದೆ ಅನ್ನುವುದೊಂದೇ ಕಷ್ಟ.

ನಾಲ್ಕನೆಯದಕ್ಕೆ ಬಗಲು ನೋಡುವ ಅಗತ್ಯವೇ ಇಲ್ಲ. ದಂಟು ಮುರಿಯಿರಿ. ಹಾಲು ಬಂದರೆ ಎಸೆಯಿರಿ. ಇದು ಯೂಫೋರ್ಬಿಯಾ ಗುಂಪಿನ ಗಿಡ. ಇದರಲ್ಲಿ ನೆಲಕ್ಕೆ ಅಂಟುವ ಮೂರ್ನಾಲ್ಕು ಬಗೆ ನಮ್ಮ ಅಂಗಳಗಳಲ್ಲಿ, ಪರಸಿ ಸಂದಿಗಳಲ್ಲಿ ಸಣ್ಣ ಗೋಳಿಯ ಪಕ್ಕದಲ್ಲೇ ಬೆಳೆಯುತ್ತವೆ. ಎಲೆ ಕಾಗದದಂತೆ ತೆಳು, ಬುಡ ಓರೆ. ದಂಟು ಕೆಂಪಗಿರುವುದರಿಂದ ದೂರಕ್ಕೆ ಗೋಳಿಯಂತೆ ಕಾಣುತ್ತದೆ. ಈ ಹಾಲು ಕಣ್ಣಿಗೆ ತಾಗಿದರೆ ಉರಿ, ಹೊಟ್ಟೆಗೆ ಹೋದರೂ ಒಳ್ಳೆಯದಲ್ಲ. ಗೋಳಿಯ ದಂಟು ಮುರಿದರೆ ಬರುವುದು ತಿಳಿ ಲೋಳೆನೀರು. ನಾಲ್ಕರಲ್ಲಿ ನಿಜಕ್ಕೂ ಎಚ್ಚರ ಬೇಕಾದದ್ದು ಇದೊಂದೇ. ಅದಕ್ಕೇ ಸೊಪ್ಪು ಸೋಸುವಾಗ ಗಿಡಗಿಡಕ್ಕೂ ದಂಟು ಮುರಿದು ನೋಡುವುದು ರೂಢಿಯಾಗಲಿ.

ನಂಟಸ್ತಿಕೆ ಹೇಳಬೇಕೆಂದರೆ ಗೋಳಿ, ಸಣ್ಣ ಗೋಳಿ ಒಂದೇ ಮನೆಯವು. ಕುಂಡದಲ್ಲಿ ಬೆಳೆಸುವ ಬಣ್ಣಬಣ್ಣದ ಟೇಬಲ್ ರೋಸ್ ಕೂಡ ಅದೇ ಮನೆಯದು, ದಕ್ಷಿಣ ಅಮೆರಿಕದಿಂದ ಬಂದದ್ದು. ಅದರ ಎಲೆ ಸೂಜಿಯಂತೆ ಉರುಟು, ಹಾಗಾಗಿ ಗೊಂದಲವಿಲ್ಲ. ಹುಸಿಗೋಳಿ, ಕೊಮ್ಮೆ ಬೇರೆ ಬೇರೆ ಮನೆ, ಆದರೆ ದೂರದ ದಾಯಾದಿಗಳು. ರಾಜಗಿರಿ, ಪಾಲಕ್, ಬೀಟ್‌ರೂಟ್ ಎಲ್ಲವೂ ಇದೇ ದೊಡ್ಡ ಬಳಗದವು. ಹಾಲಿನ ಗಿಡ ಮಾತ್ರ ಪೂರಾ ಪರದೇಶಿ.

ನೀವು ಹುಳಿಯ ವಿಷಯ ಬರೆದಿದ್ದೀರಿ. ಅದು ನನಗೆ ಬಹಳ ಹಿಡಿಸಿತು, ಯಾಕೆಂದರೆ ಗೋಳಿಯ ಹುಳಿಗೆ ಒಂದು ಕಥೆ ಇದೆ. ಗಿಡ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳಬೇಕೆಂದರೆ ಎಲೆಯ ಸಣ್ಣ ರಂಧ್ರ ತೆರೆಯಬೇಕು. ತೆರೆದರೆ ಒಳಗಿನ ನೀರು ಆವಿಯಾಗುತ್ತದೆ. ನಮ್ಮ ಕಡೆಯ ಬಿಸಿಲಿಗೆ ಹಗಲು ಬಾಗಿಲು ತೆರೆದು ಕೂತರೆ ಗತಿ ಏನು? ಜೋಳ, ಕಬ್ಬು ಇದಕ್ಕೆ ಒಂದು ಉಪಾಯ ಮಾಡಿಕೊಂಡಿವೆ. ಕಡಿಮೆ ಗಾಳಿಯಲ್ಲೇ ಜಾಸ್ತಿ ಕೆಲಸ ತೆಗೆಯುತ್ತವೆ. ಪಾಪಾಸುಕಳ್ಳಿಯ ಉಪಾಯ ಬೇರೆ. ಅದು ರಾತ್ರಿ ಬಾಗಿಲು ತೆರೆದು, ತೆಗೆದುಕೊಂಡದ್ದನ್ನು ಹುಳಿಯಾಗಿ, ಅಂದರೆ ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡು ಖರ್ಚು ಮಾಡುತ್ತದೆ. ಗೋಳಿಗೆ ಈ ಎರಡೂ ವಿದ್ಯೆ ಗೊತ್ತು. ಮಳೆ ಚೆನ್ನಾಗಿದ್ದಾಗ ಜೋಳದ ದಾರಿ. ಮಳೆ ಕೈಕೊಟ್ಟರೆ ಕಳ್ಳಿಯ ದಾರಿಯನ್ನೂ ಹಿಡಿಯುತ್ತದೆ. ಎರಡೂ ಬಲ್ಲ ಗಿಡಗಳು ಪ್ರಪಂಚದಲ್ಲೇ ಅಪರೂಪ.

ಇದರಿಂದ ಅಡುಗೆಮನೆಗೆ ಏನು ಲಾಭ ಅಂದರೆ, ಮಳೆ ತಡೆದ ದಿನಗಳಲ್ಲಿ ಮುಂಜಾನೆ ಕೊಯ್ದ ಗೋಳಿ ಹುಳಿ ಜಾಸ್ತಿ, ಸಂಜೆ ಕೊಯ್ದದ್ದು ಸಪ್ಪೆ. ರಾತ್ರಿ ಕೂಡಿಟ್ಟ ಹುಳಿ ಹಗಲಿಗೆ ಕರಗಿರುತ್ತದೆ. ನಿಮ್ಮವ್ವ ಯಾವ ಹೊತ್ತಿಗೆ ಹೊಲಕ್ಕೆ ಹೋಗುತ್ತಿದ್ದಳು ಅಂತ ನೆನಪು ಮಾಡಿಕೊಳ್ಳಿ. ಬಿಸಿಲೇರುವ ಮೊದಲೇ ಕಸಕ್ಕೆ ಹೋಗಿ ಬರುವವರ ಉಡಿಯಲ್ಲಿ ಇರುತ್ತಿದ್ದದ್ದು ಮುಂಜಾನೆಯ ಗೋಳಿ.

ಮಾಡುವ ಬಗೆಯನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ತೊಗರಿ ಬೇಳೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ, ಬಿಸಿ ಜೋಳದ ರೊಟ್ಟಿ. ಕೆಲವು ಮನೆಗಳಲ್ಲಿ ಬೇಳೆ ಬಿಟ್ಟು ಜೋಳದ ಹಿಟ್ಟು ತಿರುವುತ್ತಾರೆ. ಕುಲ್ಫಾ ಅನ್ನುವವರ ಮನೆಯಲ್ಲಿ ಮಟನ್ ಜೊತೆ ಬೇಯಿಸುತ್ತಾರೆ, ಅದೂ ಒಂದು ಭಾಗ್ಯವೇ. ಒಂದೇ ಮಾತು ಸೇರಿಸುತ್ತೇನೆ. ಗೋಳಿಯಲ್ಲಿ ಆಕ್ಸಲೇಟ್ (ಕ್ಯಾಲ್ಸಿಯಂ ಜೊತೆ ಕೂಡಿ ಕಲ್ಲುಗಟ್ಟುವ ಅಂಶ) ಜಾಸ್ತಿ, ಪಾಲಕ್‌ನಲ್ಲಿ ಇರುವ ಹಾಗೆ. ಮೂತ್ರಪಿಂಡದಲ್ಲಿ ಕಲ್ಲು ಆದವರು ಇದನ್ನು ದೂರ ಇಡುವುದೇ ಲೇಸು. ಉಳಿದವರು ಕುದಿಸಿ ನೀರು ಬಸಿದರೆ ಆಕ್ಸಲೇಟ್ ಕಡಿಮೆಯಾಗುತ್ತದೆ. ಮೊಸರು ಕೂಡಿಸಿ ಉಂಡರೆ ಮೊಸರಿನ ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಸೇರುವುದು ಕಮ್ಮಿ. ಇತ್ತೀಚೆಗೆ ಮೊಬೈಲಿನಲ್ಲಿ ‘ಗೋಳಿಯಲ್ಲಿ ಒಮೇಗಾ-3 ಇದೆ, ಮೀನು ಬೇಡ’ ಅಂತ ವಿಡಿಯೋಗಳು ಓಡಾಡುತ್ತಿವೆ. ಸೊಪ್ಪುಗಳ ಪೈಕಿ ಗೋಳಿಯಲ್ಲಿ ಒಮೇಗಾ-3 ಎಂಬ ಕೊಬ್ಬಿನಂಶ ಹೆಚ್ಚು ಅನ್ನುವುದು ನಿಜ. ಆದರೆ ಅದು ಮೀನಿನಲ್ಲಿರುವ ಒಮೇಗಾ-3 ಅಲ್ಲ, ಅಗಸೆಯಲ್ಲಿರುವ ಬಗೆ. ಅದಕ್ಕಾಗಿ ಮೂರು ಹೊತ್ತು ಗೋಳಿ ತಿನ್ನಬೇಡಿ. ರುಚಿ ಇದೆ, ತಿನ್ನಿ, ಸಾಕು.

ಎಲ್ಲಿಂದ ಕೀಳುತ್ತೀರಿ ಅನ್ನುವುದರ ಮೇಲೂ ಗಮನ ಇರಲಿ. ಗೋಳಿ ಮಣ್ಣಿನಲ್ಲಿರುವ ಸೀಸದಂಥ ಲೋಹಗಳನ್ನು ಹೀರಿ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಊರಿನ ಚರಂಡಿ ಪಕ್ಕ, ರಿಂಗ್ ರೋಡ್ ಬದಿ, ಗ್ಯಾರೇಜಿನ ಹಿಂದೆ ಎಷ್ಟು ಸೊಂಪಾಗಿ ಬೆಳೆದಿದ್ದರೂ ಮುಟ್ಟಬೇಡಿ.

ಇನ್ನು ನಿಮ್ಮ ಅಣ್ಣನ ಮಾತು. ಅವರ ಸಿಟ್ಟಿಗೆ ಕಾರಣ ಇದೆ, ಅದನ್ನು ನಾನು ಒಪ್ಪುತ್ತೇನೆ. ತೊಗರಿ ಮೊದಲ ಎರಡು ತಿಂಗಳು ಆಮೆ ನಡಿಗೆ. ಸಾಲಿನ ನಡುವೆ ಜಾಗ ಖಾಲಿ ಬಿದ್ದಿರುತ್ತದೆ. ಆ ಜಾಗಕ್ಕೆ ಇವು ಓಡಿ ಬರುತ್ತವೆ. ಗೋಳಿಯ ಬೀಜ ಮೊಳೆಯಲು ಬೆಳಕು ಬೇಕು, ಬಿಸಿ ಬೇಕು. ಕುಂಟೆ ಹೊಡೆದಾಗ ಆಳದ ಬೀಜ ಮೇಲೆ ಬರುತ್ತದೆ, ಮೇಲೊಂದು ಮಳೆ ಬೀಳುತ್ತದೆ, ಮತ್ತೆ ನೆಲ ಹಸಿರು. ಒಂದು ದೊಡ್ಡ ಗಿಡ ಲಕ್ಷಕ್ಕೂ ಮೇಲೆ ಬೀಜ ಕೊಡಬಲ್ಲದು, ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತವೆ.

ಆದರೆ ಎಣ್ಣಿ ಹೊಡೆಯುವುದರಲ್ಲೂ ಲೆಕ್ಕ ಇದೆ. ತೊಗರಿಯಲ್ಲಿ ಹೆಚ್ಚಿನವರು ಬಳಸುವ ಪೆಂಡಿಮಿಥಾಲಿನ್ ಬೀಜ ಮೊಳೆಯುವ ಮೊದಲು ಹೊಡೆಯುವಂಥದ್ದು. ಬಿತ್ತಿದ ಕೂಡಲೇ, ನೆಲದಲ್ಲಿ ತೇವ ಇರುವಾಗ ಹೊಡೆಯಬೇಕು. ಕಸ ಎದ್ದು ಕಣ್ಣಿಗೆ ಕಂಡ ಮೇಲೆ ಅದನ್ನು ಹೊಡೆದರೆ ದುಡ್ಡು ದಂಡ. ಎದ್ದ ಕಸಕ್ಕೆ ಬೇರೆ ಔಷಧಿ ಇದೆ. ಯಾವುದು, ಎಷ್ಟು ಅನ್ನುವುದನ್ನು ಅಂಗಡಿಯವರ ಬಾಯಿಮಾತಿಗೆ ಬಿಡದೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಲಿ. ಎಣ್ಣಿ ಹೊಡೆದ ಹೊಲದ ಗೋಳಿಯನ್ನು ಆ ಹಂಗಾಮಿನಲ್ಲಿ ಒಲೆಗೆ ಏರಿಸಬೇಡಿ. ‘ಹತ್ತು ದಿನ ಆಯ್ತು, ಮಳೆನೂ ಆಯ್ತು’ ಅಂತ ಸಮಾಧಾನ ಹೇಳಿಕೊಳ್ಳಬೇಡಿ.

ಕೈಯಿಂದಲೇ ತೆಗೆಯುವುದಾದರೆ ಬಿತ್ತಿದ 20-25 ದಿನದೊಳಗೆ ಒಮ್ಮೆ ಎಡೆ ಹೊಡೆದು ಕಸ ತೆಗೆಸಲಿ. ಹುಸಿಗೋಳಿಗೆ ಹೂವು ಬೇಗ, ತಡ ಮಾಡಿದರೆ ಬೀಜ ಉದುರಿದ ಮೇಲೆ ಗಿಡ ಕಿತ್ತ ಹಾಗೆ. ಕಿತ್ತದ್ದನ್ನು ಸಾಲಿನಲ್ಲೇ ಬಿಸಾಡಬಾರದು. ಇದು ಎಲ್ಲರೂ ಮಾಡುವ ತಪ್ಪು. ಗೋಳಿಯ ಮೈತುಂಬಾ ನೀರು. ಬುಡ ಮೇಲಾಗಿ ಬಿದ್ದರೂ ದಿನಗಟ್ಟಲೆ ಸಾಯುವುದಿಲ್ಲ. ಒಂದು ಜಿಟಿಜಿಟಿ ಮಳೆ ಬಂದರೆ ತುಂಡು ತುಂಡೂ ಬೇರು ಬಿಡುತ್ತದೆ. ಕಿತ್ತ ಗಿಡದಲ್ಲೇ ಕಾಯಿ ಬಲಿತು ಬೀಜ ಉದುರುವುದೂ ಉಂಟು. ಬುಟ್ಟಿಗೆ ಹಾಕಿ ಹೊಲದಿಂದ ಹೊರಗೆ ತರಬೇಕು. ನಿಮ್ಮವ್ವ ಉಡಿ ತುಂಬಿಕೊಂಡು ಮನೆಗೆ ತರುತ್ತಿದ್ದಳಲ್ಲ, ಅದು ಪಲ್ಯಕ್ಕೂ ಆಯಿತು, ಕಸಕ್ಕೂ ಆಯಿತು.

ಹೊರಗೆ ತಂದ ರಾಶಿಯನ್ನು ಕುರಿಗೆ ಹಾಕುವ ಮೊದಲು ಸ್ವಲ್ಪ ತಡೆಯಿರಿ. ಹಸಿದ ಕುರಿಗಳು ಗೋಳಿ ಅಥವಾ ಹುಸಿಗೋಳಿಯನ್ನು ಒಮ್ಮೆಗೇ ಹೊಟ್ಟೆತುಂಬಾ ತಿಂದರೆ ಆಕ್ಸಲೇಟ್ ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದುಬಿಡುತ್ತದೆ. ಕುರಿ ನಡುಗುತ್ತದೆ, ಕಾಲು ಎಳೆಯುತ್ತದೆ, ಕುಸಿದು ಬೀಳುತ್ತದೆ. ಆಸ್ಟ್ರೇಲಿಯಾದಲ್ಲಿ ಹೀಗೆ ಮಂದೆಗಳೇ ನಷ್ಟವಾದದ್ದಿದೆ. ಬೇರೆ ಮೇವಿನ ಜೊತೆ, ದಿನಕ್ಕೆ ಸ್ವಲ್ಪ ಸ್ವಲ್ಪ ಹಾಕಿದರೆ ಅವುಗಳ ಹೊಟ್ಟೆ ಹೊಂದಿಕೊಳ್ಳುತ್ತದೆ. ಬೇಸಿಗೆಯಲ್ಲಿ ಸೊರಗಿ ಬಂದ ಮಂದೆ, ಮೊದಲ ಮಳೆಯ ನಂತರ ಗೋಳಿ ಹಾಸಿದ ಬೀಳು ಹೊಲಕ್ಕೆ ನುಗ್ಗುವುದೇ ಅಪಾಯದ ಹೊತ್ತು. ಅಣ್ಣನ ಹತ್ತಿರ ಕುರಿ ಇದ್ದರೆ ಇದನ್ನು ಮರೆಯದೆ ಹೇಳಿ.

ಅಣ್ಣನಿಗೆ ಇನ್ನೊಂದು ಬೇಡಿಕೆ ಇಡಿ, ತಂಗಿಯ ಮಾತು ಅಂತ. ಬಾವಿ ಹತ್ತಿರ, ಎಣ್ಣಿ ಹಾರಿ ಬೀಳದ ಕಡೆ, ನಾಲ್ಕು ಹೆಜ್ಜೆ ಜಾಗ ಗೋಳಿಗೆ ಬಿಡಲಿ. ಬೀಜ ತಂದು ಹಾಕಬೇಕಾಗಿಲ್ಲ. ನೀವು ಸೊಪ್ಪು ತೊಳೆದ ನೀರನ್ನು ಅಲ್ಲಿ ಚೆಲ್ಲಿದರೆ ಸಾಕು.

ಪುಷ್ಯ ಮಳೆಯ ಹೊತ್ತಿಗೆ ಮತ್ತೆ ತವರಿಗೆ ಹೋಗುವುದಾದರೆ ಮುಂಜಾನೆ ಹೋಗಿ, ಎಳೆ ಗಿಡ ಹುಡುಕಿ, ಒಂದು ಎಲೆಯನ್ನು ಉಗುರಿನಿಂದ ಕೆಳಕ್ಕೆ ಎಳೆದು ನೋಡಿ. ಅನುಮಾನ ಬಂದರೆ ಫೋಟೋ ಕಳಿಸಿ. ಈ ಸಲ ಗಿಡದ್ದು ಬೇಡ, ಬಗಲದ್ದು ಕಳಿಸಿ.